ಅಂಚೆ ಹಡಗಿನ ಮೇಲೆ ನಮ್ಮ ಪೋಸ್ಟರು

ಬಂದರು ಕಚೇರಿಯ ಮಾನ್ಯ ಅಧಿಕಾರಿಗಳೇ,

ಬರುವ ಸೋಮವಾರ ಗ್ಯಾಸ್ ಕಟರ್ ತರಿಸಿ ನೀವು ತುಂಡರಿಸಲಿರುವುದು ಹಳೆಯ ಗೋದಾಮನ್ನಲ್ಲ, ಹಡಗನ್ನು! ಸಮುದ್ರದಾಚೆಯ ಕಾಗದಗಳನ್ನು ಈ ಊರಿಗೆ ಹೊತ್ತು ತರುತ್ತಿದ್ದ ಉಗಿಹಡಗನ್ನು! ಈ ಮಾತನ್ನು ರಂಗದ ಮುಂದಕ್ಕೆ ಬಂದು ಎದೆಯುಬ್ಬಿಸಿ ಹೇಳುವ ಯೋಗ್ಯತೆ ನನಗಿಲ್ಲ. ತಲೆ ತಗ್ಗಿಸಿಕೊಂಡೇ ಬರೆಯುತ್ತಿದ್ದೇನೆ.

ನಾನು ಹುಟ್ಟುವ ಮೊದಲೇ ಹಳೆಯ ಕಾಲುವೆಗೆ ಮಣ್ಣು ತುಂಬಿ ರಸ್ತೆ ಮಾಡಿದಾಗ, ಅಲ್ಲೇ ಕೆಟ್ಟು ನಿಂತಿದ್ದ ಹಡಗು ಅರ್ಧ ಹೂತುಹೋಯಿತು. ಉಳಿದರ್ಧಕ್ಕೆ ನಿಮ್ಮ ಕಚೇರಿ ತಗಡಿನ ಮಾಡು ಹೊದಿಸಿ, ಮುರಿದ ಕುರ್ಚಿಗಳನ್ನು ತುಂಬಿ ಬೀಗ ಜಡಿಯಿತು. ಅದು ಹಡಗೆಂದು ಅರಿಯದೆ, ಬೀದಿಯ ಕಡೆಗಿದ್ದ ಅದರ ಪಕ್ಕೆಗೆ ನಾವು ‘ಕರಿಗೋಡೆ’ ಎಂದು ಹೆಸರಿಟ್ಟೆವು. ನಾವೆಂದರೆ ಇಲ್ಲಿನ ನಾಟಕ ಮಂಡಳಿ. ಹೊಸ ಪೋಸ್ಟರನ್ನು ಹಳೆಯದರ ಮೇಲೇ ಅಂಟಿಸುವುದು ನಮ್ಮ ಪದ್ಧತಿ. ಹಳೆಯದನ್ನು ಕಿತ್ತರೆ ನಾಟಕ ಬೀಳುತ್ತದೆಂಬ ಭಯ. ನನ್ನ ಅಪ್ಪನ ಕಾಲದಿಂದ ಮೈದಾ ಅಂಟು ಬಳಿದು ಬಳಿದು ಅಲ್ಲಿ ಹಾಸಿಗೆಯಷ್ಟು ದಪ್ಪ ಕಾಗದ ಕೂತಿತ್ತು.

ಹೋದ ವಾರ ಅಷ್ಟೂ ತನ್ನ ಭಾರಕ್ಕೆ ತಾನೇ ಕಳಚಿ ಬಿತ್ತು. ಹಿಂದೆ ಸಾಲು ಸಾಲು ರಿವೆಟ್ಟು ಮೊಳೆ, ದುಂಡು ಕಿಟಕಿ, ಲಂಗರಿನ ಸರಪಳಿಯ ತುಂಡು, ಅಂಚೆಯ ಗುರುತಾದ ಕಹಳೆಯ ಉಬ್ಬುಚಿತ್ರ, ಕೆಳಗೆ ಹಡಗಿನ ಹೆಸರು! ಬಿದ್ದ ರಾಶಿಯ ಮೇಲ್ಗಡೆ ಯಾವ ಪೋಸ್ಟರಿತ್ತು ಗೊತ್ತೇ? ಬಂದರಿಗೆ ಅಂಚೆ ಹಡಗು ಬರುವ ನಮ್ಮ ನಾಟಕದ್ದು! ಅದಕ್ಕೆ ನಾನೇ ರಟ್ಟಿನ ಹಡಗು ಕಟ್ಟಿಸಿದ್ದೆ, ಹೊಗೆ ಬಿಡಿಸಿದ್ದೆ, ಚಪ್ಪಾಳೆ ಗಿಟ್ಟಿಸಿದ್ದೆ. ಅದರ ಜಾಹೀರಾತನ್ನು ನಿಜವಾದ ಹಡಗಿನ ಮುಖಕ್ಕೇ ಮೆತ್ತಿದ್ದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಎದುರುಮನೆಯ ಅಜ್ಜಿ ಆ ‘ಗೋಡೆ’ಯ ಕೊಂಡಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುವವರು. ಅವರಿಗೆ ಕಣ್ಣು ಮಂಜು. ಹೆಸರನ್ನು ನಾನು ಗಟ್ಟಿಯಾಗಿ ಓದಿದ್ದು ಕೇಳಿ ಹೊರಗೆ ಬಂದರು.

“ಏನಂದೆ? ಇನ್ನೊಂದ್ಸಲ ಓದು.”

ಓದಿದೆ.

“ಅಯ್ಯೋ, ಇದು ನಮ್ಮಪ್ಪ ಕಲ್ಲಿದ್ದಲು ಹಾಕ್ತಿದ್ದ ಹಡಗು ಕಣೋ! ಮುಳುಗಿಹೋಯ್ತು ಅಂದ್ಕೊಂಡಿದ್ದೆ. ಇದರ ಬಾಯ್ಲರ್ ಹತ್ರಾನೇ ಸತ್ತನಂತೆ, ನಾನಿನ್ನೂ ಅಮ್ಮನ ಹೊಟ್ಟೇಲಿದ್ದೆ. ಇಷ್ಟು ವರ್ಷ ಇದಕ್ಕೇ ಒದ್ದೆ ಸೀರೆ ನೇತುಹಾಕಿದ್ನಲ್ಲೋ! ಆ ಜಾಗ ಒಂದ್ಸಲ ತೋರಿಸ್ತೀಯಾ ತಮ್ಮಾ?”

ನಿಮ್ಮ ಕಚೇರಿಗೆ ಓಡಿದೆ. ಗುಮಾಸ್ತರು ತಲೆಯೆತ್ತಲಿಲ್ಲ.

“ಅದು ಹಡಗಲ್ಲ ಸ್ವಾಮಿ, ಗೋದಾಮು.”

“ಗೋದಾಮಿಗೆ ಲಂಗರಿನ ಸರಪಳಿ ಯಾಕ್ರೀ?”

“ಇಷ್ಟು ವರ್ಷ ನಿಮಗೇ ಹಡಗು ಅನ್ನಿಸ್ಲಿಲ್ಲ, ಈಗ ನಮಗ್ಯಾಕೆ ಅನ್ನಿಸ್ಬೇಕು?”

ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಆದರೆ ಮಾನ್ಯರೇ, ನಮ್ಮ ಕುರುಡುತನ ನಿಮಗೆ ಪರವಾನಗಿಯೇ? ನಾವಾದರೋ ಬಣ್ಣದ ಪರದೆಯನ್ನೇ ಅರಮನೆಯೆಂದು ನಂಬುವ ಮಂದಿ. ಹಡಗಿನ ಹೆಸರಲ್ಲೇ ಸಂಬಳ ಪಡೆಯುವ ಬಂದರು ಕಚೇರಿ, ಹಡಗಿನ ಹೊಟ್ಟೆಯಲ್ಲಿ ಕುರ್ಚಿ ಪೇರಿಸುವಾಗ ಯಾವ ಪರದೆ ನೋಡುತ್ತಿತ್ತು?

ಕಟರ್ ನಿಲ್ಲಿಸಿ. ಅದಕ್ಕೆ ಮೇಲಿನವರ ಅಪ್ಪಣೆ ಬೇಕೆನ್ನುವುದಾದರೆ, ಸೋಮವಾರಕ್ಕೆ ಮುಂಚೆ ಬೀಗವನ್ನಾದರೂ ತೆಗೆಸಿ, ಬಾಯ್ಲರಿನವರೆಗೆ ದಾರಿ ಬಿಡಿಸಿ. ಅಜ್ಜಿಯ ಕೈಹಿಡಿದು ನಾನು ಕರೆತರುತ್ತೇನೆ. ಒಳಗೆ ಅವರೊಬ್ಬರೇ ಹೋಗಲಿ. ನೀವೂ ನಾನೂ ಹೊರಗೆ ಬಿಸಿಲಲ್ಲಿ ಕಾಯೋಣ, ಒಬ್ಬರ ಮುಖ ಒಬ್ಬರು ನೋಡದೆ.

ಇಂತಿ,
ನಿಮ್ಮಷ್ಟೇ ತಪ್ಪಿತಸ್ಥನಾದ
ನಾಟಕ ಮಂಡಳಿಯ ಯಜಮಾನ