ಮಹಡಿ ಮೇಲಿನ ಲೆಕ್ಕ

ಮದ್ದೂರು
೧೨ ಜುಲೈ ೨೦೨೫

ಪ್ರೀತಿಯ ಸೌಮಿ,

ಕಾಗದ ನೋಡಿ ನಗಬೇಡ. ವಾಟ್ಸಾಪ್ ಇರುವ ಕಾಲದಲ್ಲಿ ಈ ಶಮೀಮ್‌ಗೆ ಏನು ಬಂತು ರೋಗ ಎಂದುಕೊಳ್ಳುತ್ತೀಯ, ಗೊತ್ತು. ಮನೆಯಲ್ಲಿರುವ ಒಂದೇ ಒಳ್ಳೆಯ ಫೋನು ನನ್ನ ಮಗಳು ನುಜ್ಹತ್ ಕೈಯಲ್ಲಿ. ಸ್ಕೂಲಿನವರು ಹೋಂವರ್ಕೆಲ್ಲ ಅದಕ್ಕೇ ಕಳಿಸುತ್ತಾರೆ. ನಿನಗೆ ಏನು ಬರೆದರೂ ಮೊದಲು ಓದುವವಳು ಅವಳು. ಮಾತಾಡೋಣವೆಂದರೆ ಎರಡು ಕೋಣೆಯ ಮನೆ, ಪಿಸುಗುಟ್ಟಿದರೂ ಆಚೆಗೆ ಕೇಳುತ್ತದೆ. ನಿಮ್ಮತ್ತೆ ಆಸ್ಪತ್ರೆಯಲ್ಲಿದ್ದಾಗ ನಾನು ಮಳವಳ್ಳಿಗೆ ಬರಲಿಲ್ಲ, ಒಂದು ಮಾತು ವಿಚಾರಿಸಲೂ ಇಲ್ಲ. ಬೈಯುವುದಿದ್ದರೆ ಬೈದುಕೋ. ಬೈದಾದ ಮೇಲೆ ಮುಂದೆ ಓದು.

ಇಲ್ಲಿ ಎಲ್ಲರೂ ಆರಾಮ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ನನಗೆ ಭಯ ಆಗಿದೆ ಕಣೇ. ಲೆಕ್ಕದ ಪೀರಿಯಡ್ಡಿನಲ್ಲಿ ನಿನ್ನ ಬೆನ್ನ ಹಿಂದೆ ಅಡಗಿ ಕೂರುತ್ತಿದ್ದೆನಲ್ಲ, ಆ ಭಯ ಏನೂ ಅಲ್ಲ. ನೀನು ಬೆಳಕವಾಡಿ ಹೈಸ್ಕೂಲಿನಲ್ಲಿ ಇಷ್ಟು ವರ್ಷ ಲೆಕ್ಕ ಹೇಳಿಕೊಡುತ್ತಿದ್ದೀಯ, ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ.

ನುಜ್ಹತ್ ಈಗ ಎಂಟನೇ ಕ್ಲಾಸು. ಅವಳ ಸ್ಕೂಲಿನಲ್ಲಿ ಈ ವರ್ಷ ಫೌಂಡೇಶನ್ ಸೆಕ್ಷನ್ ಅಂತ ಹೊಸದಾಗಿ ಮಾಡಿದ್ದಾರೆ. ಟೆಸ್ಟ್ ಇಟ್ಟು ಮಕ್ಕಳನ್ನು ಆರಿಸಿದರು, ಇವಳೂ ಬಂದಳು. ಎಲ್ಲರ ಹಾಗೆ ಎಂಟರಲ್ಲಿ ಎಂಟರ ಲೆಕ್ಕ, ಒಂಬತ್ತರಲ್ಲಿ ಒಂಬತ್ತರದು ಅಂತ ಇಲ್ಲ. ಇವರಿಗೆ ಈ ವರ್ಷವೇ ಎರಡೂ ಕ್ಲಾಸಿನ ಲೆಕ್ಕ ಮುಗಿಯಬೇಕು. ಒಂಬತ್ತಕ್ಕೆ ಹೋದಾಗ ಎಸ್ಸೆಸ್ಸೆಲ್ಸಿಯದು, ಎಸ್ಸೆಸ್ಸೆಲ್ಸಿಗೆ ಬಂದಾಗ ಪಿಯುಸಿಯದು. "ಸುಲಭದ ಪಾಠ ಬಿಟ್ಟು ಮುಂದೆ ಓಡ್ತೀವಿ" ಎಂದರು ಹೆಡ್‌ಮಿಸ್ಸು. ಸುಲಭದ್ದು ಯಾರಿಗೆ ಸುಲಭ ಅಂತ ನಾನು ಕೇಳಲಿಲ್ಲ. ಕೇಳುವಷ್ಟು ಲೆಕ್ಕ ನನಗೆ ಎಲ್ಲಿ ಬರುತ್ತದೆ ಹೇಳು.

ಅವಳಪ್ಪ ರಿಯಾಜ್‌ಗೆ ನೆಲವೇ ಕಾಣುತ್ತಿಲ್ಲ. ಗ್ಯಾರೇಜಿಗೆ ಬೈಕು ತಂದವರಿಗೆಲ್ಲ ಅದೇ ಸುದ್ದಿ. "ನಮ್ ಉಡ್ಗಿ ಎಂಟ್ನೇ ಕ್ಲಾಸಲ್ಲೇ ಒಂಬತ್ನೇ ಕ್ಲಾಸ್ ಲೆಕ್ಕ ಮಾಡ್ತಾಳೆ ಕಣ್ಲಾ" ಅಂತ. ನಾನು ಬಾಯಿ ತೆರೆದರೆ, "ಮಂಡ್ಯದಲ್ಲಿ ಇದಕ್ಕೇ ಕ್ಯೂ ನಿಂತವ್ರೆ, ನಮಗೆ ಮನೆ ಬಾಗಿಲಿಗೇ ಬಂದೈತೆ, ಬ್ಯಾಡ ಅಂತೀಯಲ್ಲ ನೀನು" ಎನ್ನುತ್ತಾರೆ. ಅವರನ್ನು ಏನನ್ನಲಿ? ಮಗಳು ಮುಂದೆ ಹೋಗುವುದು ಬೇಡ ಎನ್ನುವ ತಾಯಿ ಯಾರಾದರೂ ಇದ್ದಾರೆಯೇ?

ಈಗ ಭಯದ ಮಾತು. ಆ ಸೆಕ್ಷನ್ನು ಇರುವುದು ಮಹಡಿ ಮೇಲೆ. ಉಳಿದ ಎಂಟನೇ ಕ್ಲಾಸಿನವರು ಕೆಳಗೆ. ಪ್ರತಿ ತಿಂಗಳ ಟೆಸ್ಟ್ ಆದ ಮೇಲಿನ ಸೋಮವಾರ ಪ್ರೇಯರ್‌ನಲ್ಲಿ ಮೈಕು ಹಿಡಿದು, ಕಡೆಯಲ್ಲಿ ಬಂದವರ ಹೆಸರು ಕೂಗುತ್ತಾರೆ. ಆ ಮಕ್ಕಳು ಮೇಲೆ ಹೋಗಿ ತಮ್ಮ ಬ್ಯಾಗು ತೆಗೆದುಕೊಂಡು, ಅಂಗಳಕ್ಕೇ ಕಾಣುವ ಆ ಹೊರಗಿನ ಮೆಟ್ಟಿಲು ಇಳಿದು, ಬಿ ಸೆಕ್ಷನ್ ಸಾಲಿನ ಬಾಲದಲ್ಲಿ ನಿಲ್ಲಬೇಕು. ಇಡೀ ಸ್ಕೂಲು ನೋಡುತ್ತಿರುತ್ತದೆ. ಮಕ್ಕಳಿಗೆ ಹುರುಪು ಬರಲಿ ಅಂತ ಮಾಡುವುದಂತೆ! ಅಲ್ಲಿ ಆಯಾ ಕೆಲಸ ಮಾಡುವ ಚಿಕ್ಕಮಾದಮ್ಮ ಕೊಪ್ಪದಿಂದ ಬಸ್ಸಿಗೆ ಬರುವವಳು, ನಮ್ಮ ಬೀದಿಯಲ್ಲೇ ಹಾದು ಹೋಗುತ್ತಾಳೆ. "ಆ ಮೆಟ್ಲು ಇಳಿವಾಗ ಮಕ್ಳ ಮೊಕ ನೋಡಕ್ಕಾಗಕಿಲ್ಲ ಕಣಮ್ಮ. ಕಸ ಗುಡ್ಸೋ ನೆಪ ಮಾಡ್ಕಂಡು ನಾನು ಇಂದ್ಗಡೀಕೆ ಓಯ್ತೀನಿ" ಎಂದಳು. 

ನುಜ್ಹತ್ ಜಡೆಯ ತುದಿ ಕಚ್ಚುತ್ತಾಳೆ, ಅದು ಯಾವಾಗಲೂ ಒದ್ದೆ. ನಿಂತುಕೊಂಡೇ ಊಟ. ಟೆಸ್ಟ್ ದಿನ ಬೆಳಿಗ್ಗೆ ತಿಂದದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಶನಿವಾರ ಬಂದರೆ ಸಾಕು, "ಅಮ್ಮಿ, ಸೋಮವಾರ ಏನಾದ್ರೂ ರಜಾ ಇದ್ಯಾ?" ಎಂದು ಕೇಳುತ್ತಾಳೆ. ಇಲ್ಲಮ್ಮ ಎಂದರೆ ಹೂಂ ಅಂದು ಪುಸ್ತಕ ತೆಗೆಯುತ್ತಾಳೆ. ಅತ್ತು ರಂಪ ಮಾಡಿದ್ದರೆ ನನಗೆ ಇಷ್ಟು ಭಯ ಆಗುತ್ತಿರಲಿಲ್ಲ.

ಲೆಕ್ಕದ ಶಶಿಧರ್ ಮೇಷ್ಟ್ರನ್ನು ಕೇಳಿದೆ. ಒಳ್ಳೆಯ ಮನುಷ್ಯ. "ಹುಡುಗಿ ಚುರುಕಾಗಿದಾಳೆ ಅಮ್ಮ, ಸ್ವಲ್ಪ ಭಯ ಇರ್ಬೇಕು, ಅದಿಲ್ದೆ ಓದ್ತಾರಾ?" ಎಂದರು. ಸ್ವಲ್ಪ ಎಂದರೆ ಎಷ್ಟು ಸೌಮಿ? ಮೇಲೇ ಇರಲಿ ಎನ್ನಲೇ, ನಾನೇ ಕೆಳಗೆ ಇಳಿಸಲೇ? ಅತ್ತ ದರಿ, ಇತ್ತ ಪುಲಿ. ಬೇಗ ಬರೆ. ಪೋಸ್ಟ್‌ಮ್ಯಾನ್ ಬರುವ ಹೊತ್ತಿಗೆ ಅವಳು ಸ್ಕೂಲಿನಲ್ಲಿರುತ್ತಾಳೆ.

ಅತ್ತೆಯವರಿಗೆ ನನ್ನ ಸಲಾಮು ಹೇಳು. ನಿನ್ನ ಮಗಳು ದೀಪಿಕಗೆ ಮುತ್ತು.

ನಿನ್ನ
ಶಮೀಮ್


ಮದ್ದೂರು
೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಸೌಮಿ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಕ್ಷಮಿಸು ಎಂದರೆ ನೀನು ಕ್ಷಮಿಸುವವಳೇ, ಆದರೂ ಕೇಳುತ್ತಿದ್ದೇನೆ. ಕಾಗದ ಎತ್ತಿಕೊಂಡಾಗಲೆಲ್ಲ ಏನೋ ಒಂದು ಕೆಲಸ ಹುಡುಕಿಕೊಂಡು ಎದ್ದು ಹೋಗುತ್ತಿದ್ದೆ.

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಶುರು ಮಾಡಿ ಎಷ್ಟೊಂದು ಬರೆದಿದ್ದೀಯ! ನಿಮ್ಮ ಬೆಳಕವಾಡಿ ಮಕ್ಕಳು ಒಂದು ಪಾಠಕ್ಕೆ ಬೇಕಾದಷ್ಟು ದಿನ ತೆಗೆದುಕೊಂಡು, ತಪ್ಪು ಮಾಡಿ, ಅಳಿಸಿ, ಮತ್ತೆ ಕೇಳಿ ಕಲಿಯುತ್ತಾರೆ, ಹಾಗೆ ಕಲಿತದ್ದು ಪಿಯುಸಿಗೆ ಹೋದರೂ ಕೈ ಬಿಡುವುದಿಲ್ಲ ಎಂದೆ. ಓಡಿಸಿಕೊಂಡು ಬಂದ ಮಕ್ಕಳಲ್ಲಿ ಕೆಲವರು ದೊಡ್ಡ ಸೂತ್ರ ಪಟಪಟ ಹೇಳಿ ಭಿನ್ನರಾಶಿ ಕೂಡುವಾಗ ತಡವರಿಸುತ್ತಾರೆ ಎಂದೆ. ಅಲ್ಲಿಗೇ ನಿಲ್ಲಿಸಿದ್ದರೆ ನನಗೆ ಸಲೀಸಾಗುತ್ತಿತ್ತು. ಆದರೆ ನೀನು ನಿನ್ನ ಹಳೆಯ ವಿದ್ಯಾರ್ಥಿ ಸಿದ್ದರಾಜು ಕಥೆಯನ್ನೂ ಬರೆದೆ. ಎರಡು ವರ್ಷದ ಪಾಠ ಒಂದೇ ವರ್ಷದಲ್ಲಿ ಮುಗಿಸಬಲ್ಲ ಹುಡುಗ, ಎಲ್ಲರ ಜೊತೆ ಕೂರಿಸಿ ಕೂರಿಸಿ ಬೇಜಾರಾಗಿ ಲೆಕ್ಕವನ್ನೇ ಬಿಟ್ಟ, ಅದು ಇವತ್ತಿಗೂ ನಿನ್ನನ್ನು ಚುಚ್ಚುತ್ತದೆ ಎಂದೆ. ಬೇಗ ಹೋಗುವುದು ವಿಷವಲ್ಲ, ಮಗುವಿನ ಕಾಲಿಗೆ ಆ ಓಟ ಒಗ್ಗಬೇಕು ಅಷ್ಟೇ ಎಂದೆ.

ಅದನ್ನು ಓದಿ ನಾನು ಸುಮ್ಮನಿದ್ದೆ. ಜುಲೈ ಟೆಸ್ಟಿನಲ್ಲಿ ಹೇಗೋ ಉಳಿದುಕೊಂಡಳು. ಹೋಗಲಿ ಬಿಡು, ಒಗ್ಗುತ್ತಿದೆಯೇನೋ ಅಂದುಕೊಂಡೆ. ಆಮೇಲೆ ನಮ್ಮ ಮೈದುನ ಸುಹೇಲನ ಮಗುವಿನ ಅಖೀಖಾ ಬಂತು, ಮಗುವಿನ ಕೂದಲು ತೆಗೆಸಿ ನೆಂಟರಿಗೆ ಊಟ ಹಾಕುವುದು. ಅಡುಗೆ ಬಾಬು ಜಾನ್ ಚಾಚಾದು. ನಿನ್ನ ಮದುವೆಗೆ ಪಾಯಸ ಕಳಿಸಿದ್ದರಲ್ಲ, ಅವರೇ. ಅವರದೊಂದು ಪದ್ಧತಿ ಇದೆ. ಎಷ್ಟು ಜನಕ್ಕೆ ಎಷ್ಟು ಅಕ್ಕಿ ಎನ್ನುವುದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ. ಮನೆಯ ಮಗುವೊಂದು ಒಲೆಯ ಮುಂದೆ ನಿಂತು ಹೇಳಬೇಕು, ಆಮೇಲೇ ಅಕ್ಕಿ ಅಳೆಯುವುದು. ಹಾಗಾದರೆ ಬರಕತ್ತು, ಅನ್ನ ಸಾಲದೆ ಬರುವುದಿಲ್ಲ ಅಂತ ಅವರ ನಂಬಿಕೆ. ನಮ್ಮ ಮನೆಯಲ್ಲಿ ಆ ಮಗು ಯಾವಾಗಲೂ ನುಜ್ಹತ್. ಒಂದನೇ ಕ್ಲಾಸಿನಿಂದಲೂ ಕೇಳುವುದೇ ತಡ, ಬೆರಳು ಮಡಚದೆ ಹೇಳುತ್ತಿದ್ದಳು.

ಈ ಸಲವೂ ಕರೆದರು. "ಕಿಲೋಗೆ ಎಂಟು ಜನ. ಇನ್ನೂರ ಇಪ್ಪತ್ತು ಜನಕ್ಕೆ ಎಷ್ಟಾಯ್ತು ಬೇಟಾ?" ಎಂದರು. ಸುಹೇಲ್ ಪಕ್ಕದಿಂದ, "ಈಗ ಫಾಸ್ಟ್ ಸೆಕ್ಷನ್ನು ಚಾಚಾ, ನೀವು ಕೇಳೋದ್ರೊಳಗೆ ಹೇಳ್ಬುಡ್ತಾಳೆ ನೋಡಿ" ಎಂದ. ನುಜ್ಹತ್ ಎರಡು ಬೆರಳು ಮಡಚಿದಳು, ಬಿಚ್ಚಿದಳು.  "ಒಂದ್ನಿಮಿಷ, ಎಕ್ಸ್ ಅಂತ ಇಟ್ಕೋತೀನಿ" ಎಂದು ಪೆನ್ನಿಗಾಗಿ ತಡಕಾಡಿದಳು.  ಅಂಗೈ ಮೇಲೆ ಏನೋ ಗೀಚಿದಳು, ಒರೆಸಿದಳು. ನಾಲ್ಕು ಜನ ನಕ್ಕರು, ಕೆಟ್ಟ ಮನಸ್ಸಿನಿಂದಲ್ಲ. ಚಾಚಾ ಅವಳ ತಲೆ ಸವರಿ, "ಹೋಗ್ಲಿ ಬಿಡು ಬೇಟಾ, ಅಂದಾಜಿನ ಮೇಲೆ ಹಾಕ್ತೀನಿ" ಎಂದರು.  ಅಷ್ಟು ವರ್ಷದಲ್ಲಿ ಅವರು ಹಾಗೆ ಅಂದದ್ದನ್ನು ನಾನು ಕೇಳಿಯೇ ಇರಲಿಲ್ಲ.

ಆವತ್ತೇ ತೀರ್ಮಾನ ಮಾಡಿದೆ. ರಿಯಾಜ್ ಕೂಗಾಡಲಿ ಎಂದು ಸೆರಗು ಬಿಗಿದುಕೊಂಡೇ ಹೇಳಿದೆ. ಅವರು ಕೂಗಾಡಲಿಲ್ಲ. ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತಾ, "ಅವತ್ತು ಅವಳ ಅಂಗೈ ನಾನೂ ನೋಡ್ದೆ" ಎಂದರು. ಆಗಸ್ಟ್ ಟೆಸ್ಟ್ ತಡವಾಗಿ, ಸೆಪ್ಟೆಂಬರ್ ಮೊದಲ ವಾರ ಮುಗಿಯಿತು. ಅದೇ ಶನಿವಾರ ನಾನೊಬ್ಬಳೇ ಸ್ಕೂಲಿಗೆ ಹೋಗಿ ಹೆಡ್‌ಮಿಸ್ಸಿಗೆ ಹೇಳಿದೆ. ಅವರೇನೂ ಬಲವಂತ ಮಾಡಲಿಲ್ಲ. "ನಿಮ್ಮಿಷ್ಟ, ಸೋಮವಾರದಿಂದ ಕೆಳಗೆ ಕೂರಲಿ" ಎಂದರು. ಇಷ್ಟೇನಾ, ಇಷ್ಟಕ್ಕೆ ಮೂರು ತಿಂಗಳು ನಿದ್ದೆಗೆಟ್ಟೆನಾ ಎನಿಸಿತು.

ಈಗ ಅವಳು ಕೆಳಗಿನ ಸೆಕ್ಷನ್ನಿನಲ್ಲಿದ್ದಾಳೆ. ಎಂಟನೇ ಕ್ಲಾಸಿನಲ್ಲಿ ಎಂಟನೇ ಕ್ಲಾಸಿನ ಲೆಕ್ಕ, ನಿನ್ನ ಬೆಳಕವಾಡಿ ಮಕ್ಕಳ ಹಾಗೆ. ಕೂತು ಊಟ ಮಾಡುತ್ತಾಳೆ. ಜಡೆ ಕಚ್ಚುವುದಿಲ್ಲ. ವಾಂತಿ ಇಲ್ಲ. ನಿನ್ನೆ ಶನಿವಾರ, ಸೋಮವಾರ ರಜೆಯಾ ಎಂದು ಕೇಳಲಿಲ್ಲ. ಸಂತೋಷ ಪಡಬೇಕಾದವಳು ನಾನು ಯಾಕೋ ಇನ್ನೂ ಹೆದರಿಕೊಂಡೇ ಇದ್ದೇನೆ.  ಅವಳು ಪಕ್ಕದ ಕೋಣೆಯಲ್ಲಿ ಸದ್ದಿಲ್ಲದೆ ಕೂತಿದ್ದರೆ ನೀರು ಕೊಡುವ ನೆಪದಲ್ಲಿ ಹೋಗಿ ನೋಡಿ ಬರುತ್ತೇನೆ.

ಇಲ್ಲಿ ಉಳಿದಂತೆ ಎಲ್ಲ ಅದೇ. ದೀಪಿಕ ಈಗ ಓಡಾಡುತ್ತಾಳಂತಲ್ಲ, ಹೊಸಿಲು ಎಡವದ ಹಾಗೆ ನೋಡಿಕೋ. ಅತ್ತೆಯವರ ಮಂಡಿನೋವಿಗೆ ಆ ಎಣ್ಣೆ ತರಿಸಿಟ್ಟಿದ್ದೇನೆ, ಯಾರಾದರೂ ಮಳವಳ್ಳಿ ಕಡೆ ಬಂದರೆ ಕಳಿಸುತ್ತೇನೆ. ನಿನ್ನ ಮನೆ ತಣ್ಣಗಿರಲಿ. ನಿನ್ನ ಹತ್ತಿರ ಕಲಿಯುವ ಮಕ್ಕಳೆಲ್ಲ ಚೆನ್ನಾಗಿರಲಿ. ಅಲ್ಲಾ ನಿನ್ನನ್ನು ಕಾಯಲಿ, ನಿನ್ನ ಮಾದಪ್ಪನೂ ನಮ್ಮ ಮೇಲೆ ಒಂದು ಕಣ್ಣಿಟ್ಟಿರಲಿ.

ನಿನ್ನ
ಶಮೀಮ್

ಮರೆತ ಮಾತು: ಮರೆತಿದ್ದಲ್ಲ ಸೌಮಿ, ಬರೆಯಲು ಧೈರ್ಯ ಬರಲಿಲ್ಲ. ಕವರಿಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ.

ಅವಳನ್ನು ಕೆಳಗೆ ಇಳಿಸುವ ವಿಷಯ ನಾನು ಅವಳಿಗೆ ಹೇಳಿರಲಿಲ್ಲ. ಭಾನುವಾರ ಊಟ ಆದ ಮೇಲೆ ಹೇಳೋಣ ಎಂದಿದ್ದೆ. ಆ ಭಾನುವಾರ ಅವಳು ತಾನೇ ಚಹಾ ಮಾಡಿ ತಂದುಕೊಟ್ಟಳು. ಅಪ್ಪನ ಜೊತೆ ಏನೋ ಹೇಳಿ ನಕ್ಕಳು. ಎಷ್ಟು ದಿನ ಆಗಿತ್ತು ಆ ನಗು ಕೇಳಿ! ಇವತ್ತೊಂದು ದಿನ ನಗಲಿ, ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡೆ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು, ನಾನು ಕೊಡ ಹಿಡಿದು ಓಡಿದೆ, ಅವಳು ಹೊರಟುಹೋದಳು. ಹೆಡ್‌ಮಿಸ್ಸು ತಮ್ಮ ಕೋಣೆಗೆ ಕರೆದು ಹೇಳುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಅವರು ಮೈಕಿನಲ್ಲಿ ಕೂಗಿದರು. ಫೇಲಾದ ಇಬ್ಬರ ಜೊತೆ ಇವಳ ಹೆಸರನ್ನೂ ಸೇರಿಸಿ.

ಚಿಕ್ಕಮಾದಮ್ಮ ಸಾಯಂಕಾಲ ಬಂದು ಬಾಗಿಲಲ್ಲೇ ನಿಂತು ಹೇಳಿದಳು. "ನಿಮ್ ಮಗು ತನ್ನೆಸ್ರಲ್ಲ ಅನ್ಕಂಡು ಅಂಗೇ ನಿಂತಿತ್ತು ಕಣಮ್ಮ. ಇನ್ನೊಂದ್ಕಿತ ಕೂಗುದ್ರು. ಆಮ್ಯಾಕೆ ಓಗಿ ಬ್ಯಾಗು ತಕ್ಕಂಡು ಆ ಮೆಟ್ಲು ಇಳ್ಕಂಡು ಬತ್ತು. ಅಳ್ನಿಲ್ಲ, ಏನಿಲ್ಲ. ಈ ಸಲ ನಾನು ಇಂದ್ಗಡೀಕೆ ಓಗ್ನಿಲ್ಲ, ಬ್ಯಾಗು ಇಡ್ಕಳಾಕೆ ಓದೆ, ಕೊಡ್ನಿಲ್ಲ" ಎಂದಳು.

ಮೊದಲು ಅವಳನ್ನೇ ಕೇಳು ಎಂದು ನೀನು ಕಾಗದದಲ್ಲಿ ಬರೆದು ಅಡಿಗೆರೆ ಎಳೆದಿದ್ದೆ. ಓದಿದೆ ಕಣೇ. ಅವಳು ಮೇಲೇ ಇರುತ್ತೇನೆ ಅಂದುಬಿಟ್ಟರೆ ಏನು ಮಾಡಲಿ ಎಂದು ಹೆದರಿ ಕೇಳಲಿಲ್ಲ.

ಬುಧವಾರ ಶಶಿಧರ್ ಮೇಷ್ಟ್ರು ಗ್ಯಾರೇಜಿನ ಹತ್ತಿರ ಸಿಕ್ಕರು. ಆ ಟೆಸ್ಟಿನಲ್ಲಿ ಅವಳು ಇಡೀ ಸೆಕ್ಷನ್ನಿಗೆ ಎರಡನೆಯವಳು. "ನಂಗೊಂದು ಮಾತು ಕೇಳಬಾರದಿತ್ತಾ ಅಮ್ಮ?" ಎಂದರು. ಓಡೋಡಿ ಮನೆಗೆ ಬಂದೆ. ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ನೋಡು ನುಜ್ಜು, ನೀನು ಸೆಕೆಂಡ್ ಬಂದಿದ್ದೀಯ, ನಾಳೆಯೇ ಹೋಗಿ ಕೈಮುಗಿದು ಕೇಳಿ ನಿನ್ನನ್ನು ಮತ್ತೆ ಮೇಲೆ ಕೂರಿಸುತ್ತೇನೆ ಎಂದೆ.

ಸಿಟ್ಟು ಮಾಡಲಿಲ್ಲ. ನನ್ನ ಮುಖವನ್ನು ಸಹ ನೋಡಲಿಲ್ಲ. ಅಪ್ಪನ ಅಂಗಿಯ ತೋಳು ನೀಟಾಗಿ ಒಳಗೆ ಮಡಚುತ್ತಾ, ಊಟ ಆಯ್ತಾ ಎಂದು ಕೇಳುವ ದನಿಯಲ್ಲೇ ಹೇಳಿದಳು. "ಬ್ಯಾಡ ಅಮ್ಮಿ. ಅಲ್ಲಿದ್ದಾಗ ಭಯ ಆಗ್ತಿತ್ತು, ಆದ್ರೂ ನಂಗೆ ಬರುತ್ತೆ ಅನ್ಕೊಂಡಿದ್ದೆ. ಬರಲ್ಲ ಅಂತ ನಿಂಗೆ ಮೊದ್ಲೇ ಗೊತ್ತಿತ್ತಲ್ಲ."