ಚೆನ್ನಾಗಿದೆ ಕಣ್ರೀ

೪ ಮಾರ್ಚ್ ೧೯೬೩, ಸೋಮವಾರ

ಇವತ್ತೂ ಅಡುಗೆ ನನ್ನದೇ. ಸೋರೆಕಾಯಿ ಪಲ್ಯ, ಮೆಣಸಿನ ಸಾರು, ಅನ್ನ. ಒಂದು ಹರಳು ಉಪ್ಪಿಲ್ಲ. ಉಪ್ಪಿನ ಭರಣಿ ಅಟ್ಟದ ಮೇಲೆ, ಏಣಿ ಪಕ್ಕದ ಮನೆಯಲ್ಲಿ. ವೇದಾಗೆ ಕಿಡ್ನಿ ಕೆಟ್ಟಿದೆ ಅಂತ ಗೊತ್ತಾಗಿ ತಿಂಗಳಾಯಿತು. ಮುಖ, ಕಾಲು ಎಲ್ಲಾ ಊತ. "ಪ್ರಭುಸ್ವಾಮಿಗಳೇ, ಅಡುಗೆಗೆ ಉಪ್ಪು ಬಂದ್" ಅಂದಿದ್ದಾರೆ ಡಾಕ್ಟರ್ ಚೆಲುವರಾಜು. ಬಂದ್ ಅಂದರೆ ಬಂದ್. ವರ್ಕ್‌ಶಾಪಿನಲ್ಲಿ ಬಾಯ್ಲರ್ ರಿಪೇರಿ ಮಾಡುವವನಿಗೆ ಈ ಒಲೆ ಯಾವ ಲೆಕ್ಕ?

"ಹೇಗಿದೆ?" ಅಂದೆ. "ಚೆನ್ನಾಗಿದೆ ಕಣ್ರೀ." ಉಂಡಿದ್ದು ಎರಡೇ ತುತ್ತು. ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಿದೆಯಂತೆ. ವಸಡಿನಿಂದ ರಕ್ತ ಬೇರೆ. ಊಟವಾದ ಮೇಲೆಲ್ಲ ನಮ್ಮವ್ವನ ಹಲ್ಲುಪುಡಿಯಲ್ಲೇ ಉಜ್ಜು ಅಂದಿದ್ದೇನೆ. ಬಚ್ಚಲ ಗೂಡಿನಲ್ಲಿ ಡಬ್ಬಿ ತುಂಬ ಇದೆ. ವಸಡು ಗಟ್ಟಿಯಾಗದೆ ಎಲ್ಲಿಗೆ ಹೋಗುತ್ತೆ?

೯ ಮಾರ್ಚ್, ಶನಿವಾರ

ಡಾಕ್ಟರ ಹತ್ತಿರ ಹೋಗಿಬಂದೆವು. ಊತ ಹೆಚ್ಚಾಗಿದೆ. "ಮನೇಲಿ ಯಾರೋ ಉಪ್ಪು ಕೊಡ್ತಿದಾರೆ" ಅಂದರು. ನಾನು ಜಗಳಕ್ಕೇ ನಿಂತೆ — ಅಡುಗೆ ಮಾಡುವವನು ನಾನು, ಸ್ವಾಮಿ!

ಹೊರಗೆ ಕರೆದು ಮೆಲ್ಲಗೆ ಹೇಳಿದರು. "ಊಟವಿಲ್ಲದೆ ಮೈ ಸೊರಗ್ತಿದೆ. ಒಳಗೆ ನೀರು ತುಂಬ್ತಿದೆ. ಹೀಗೇ ಆದ್ರೆ ಉಳಿಸಿಕೊಳ್ಳೋದು ಕಷ್ಟ. ಪರದೇಶದಲ್ಲಿ ರಕ್ತ ತೊಳೆಯೋ ಮೆಷಿನ್ ಬಂದಿದೆಯಂತೆ. ನಮ್ಮ ಹತ್ತಿರ ಇರೋದು ಪಥ್ಯ ಒಂದೇ."

ಟಾಂಗಾದಲ್ಲಿ ಈ ಮಾತು ಮುಚ್ಚಿಟ್ಟು ಸೋರೆಕಾಯಿ ರೇಟಿನ ಮಾತಾಡಿದೆ. ಭಯವಾಯಿತು. ಆದರೆ ಬಿಡುವವನಲ್ಲ ನಾನು. ಕಳ್ಳರು ಯಾರು ಅಂತ ಗೊತ್ತು — ಪಕ್ಕದ ಮನೆ ಚಾಮುಂಡಮ್ಮ.

೧೦ ಮಾರ್ಚ್

ಕೂಗಾಡಿ ಬಂದೆ. ಅರ್ಧ ಮಂಡಿ ಮೊಹಲ್ಲಾ ಬಾಗಿಲಿಗೆ ಬಂದು ನಿಂತಿತು. "ಉಪ್ಪಿಲ್ದೆ ಎಂಗ್ ಉಣ್ತಾಳೋ ಅಂತ ಕರುಳು ಚುರುಕ್ ಅಂತದೆ ಕಣಪ್ಪ. ಆದ್ರೂ ಒಂದ್ ಹರಳು ಕೊಟ್ಟಿಲ್ಲ, ಆ ತಾಯಾಣೆ!" ಅಂದು ಅತ್ತುಬಿಟ್ಟಳು ಚಾಮುಂಡಮ್ಮ. ನಂಬಲಿಲ್ಲ.

೧೧ ಮಾರ್ಚ್, ಬೆಳಿಗ್ಗೆ ಆರು

ಬಿಸಿನೀರು ಕೊಡಲು ಬಚ್ಚಲಿಗೆ ಹೋದೆ. ವೇದಾ ಹಲ್ಲುಪುಡಿ ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದಾಳೆ. ಉಗುಳಲಿಲ್ಲ... ನುಂಗಿದಳು.

"ಏನೇ ಇದು?"

"ಇಡೀ ದಿನದಲ್ಲಿ ನಾಲಿಗೆಗೆ ತಗಲೋದು ಇದೊಂದೇ ಕಣ್ರೀ."

ಡಬ್ಬಿಯಿಂದ ಬೆರಳಲ್ಲಿ ತೆಗೆದು ನೆಕ್ಕಿದೆ. ಇದ್ದಿಲು, ಲವಂಗ — ಉಪ್ಪು! ಅವ್ವ ಹೇಳಿಕೊಟ್ಟ ಹಾಗೆ ಸರಿಸಮ ಉಪ್ಪು. ಕುಟ್ಟಿದವನು ನಾನೇ. ಅಡುಗೆಗೆ ತಾನೇ ಬೇಡ ಅಂದದ್ದು. ಹಲ್ಲಿಗೆ ಹಾಕುವ ಉಪ್ಪೂ ಉಪ್ಪೇ ಅಂತ ಈ ತಲೆಗೆ ಹೊಳೆಯಲೇ ಇಲ್ಲ. ಊದಿದ ಮುಖದಲ್ಲಿ ತಪ್ಪು ಮಾಡಿದ ಮಗುವಿನ ಹಾಗೆ ನೋಡುತ್ತಿದ್ದಳು. ಬೈಯಲಾಗಲಿಲ್ಲ. ಡಬ್ಬಿ ಮೋರಿಗೆ ಸುರಿದೆ. ಆಮೇಲೆ ಇಬ್ಬರೂ ಅತ್ತೆವು.

೨೭ ಮಾರ್ಚ್

ಊತ ಇಳಿಯುತ್ತಿದೆ! ಬಿಗಿದುಕೊಂಡಿದ್ದ ಕಾಲುಂಗುರ ಇವತ್ತು ತಿರುಗಿತು. ಕಾದಾರಿದ ನೀರಲ್ಲಿ ಬಾಯಿ ಮುಕ್ಕಳಿಸುವುದು, ಮೆತ್ತನೆ ಬಟ್ಟೆಯಲ್ಲಿ ವಸಡು ಒರೆಸುವುದು — ಡಾಕ್ಟರ ಅಪ್ಪಣೆ. ರಕ್ತ ನಿಂತಿದೆ. ಕಿಡ್ನಿ ಮೊದಲಿನಂತಾಗುವುದಿಲ್ಲ, ಪಥ್ಯ ಬಿಡುವಂತಿಲ್ಲ ಅಂದರು. ಬಿಡುವವರು ಯಾರು?

ಚಾಮುಂಡಮ್ಮನ ಮನೆಗೆ ಹೋಗಿ ಕೈಮುಗಿದೆ. "ಓಗ್ಲಿ ಬುಡಪ್ಪ. ಏಣಿ ಮಾತ್ರ ವಾಪಸ್ ಕೊಡಾಕಿಲ್ಲ" ಅಂದಳು.

೭ ಏಪ್ರಿಲ್, ಭಾನುವಾರ

ಮತ್ತೆ ಸೋರೆಕಾಯಿ ಪಲ್ಯ. ವೇದಾ ಒಂದು ತುತ್ತು ಬಾಯಿಗಿಟ್ಟು ತಲೆಯೆತ್ತಿದಳು.

"ಏನ್ರೀ ಇದು? ತಳ ಹಿಡಿದಿದೆ. ದಿನಾ ಹೀಗೇ ಮಾಡ್ತಿದ್ರಾ?"

"ದಿನಾ ಚೆನ್ನಾಗಿದೆ ಅಂತಿದ್ದೆಯಲ್ಲೇ!"

"ನಾಲಿಗೆಗೆ ಗೊತ್ತಾಗ್ತಿದ್ರೆ ತಾನೇ?"

ಬೈದಳು. ಬೈದುಕೊಂಡೇ ತಟ್ಟೆ ಖಾಲಿ ಮಾಡಿದಳು, ಕೈ ನೆಕ್ಕಿದಳು. ನಾನು ಕಣ್ಣೊರೆಸಿಕೊಂಡು ಹೊಗೆ ಅಂದೆ.

ಈಗ ಒಲೆ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಾಳೆ. ಒಗ್ಗರಣೆ ಹಾಕುವುದು ಕಲಿಸುತ್ತಾಳಂತೆ. ಬಾಯ್ಲರ್ ರಿಪೇರಿ ಮಾಡುವವನಿಗೆ! ಆ ಪೆನ್ನು ಇಡಿ, ಸಾಸಿವೆ ಸಿಡೀತಿದೆ ಅಂತ ಕೂಗುತ್ತಿದ್ದಾಳೆ. ಬಂದೆ ಕಣೇ, ಇದೊಂದು ಸಾಲು ಮುಗಿಸಿ —