ವಕೀಲರ ಕಾಗದವೋ, ಯಜಮಾನರ ಕಾಗದವೋ

ಶಿಕಾರಿಪುರ
21-11-1994, ಸೋಮವಾರ

ಚಿ. ಸೌ. ತುಂಗಮ್ಮಳಿಗೆ ನಿನ್ನ ಅಕ್ಕ ನಿರ್ಮಲ ಮಾಡುವ ಆಶೀರ್ವಾದಗಳು.

ನಾವೆಲ್ಲ ಆರಾಮಾಗಿದ್ದೇವೆ. ನೀನೂ ಆರಾಮಾಗಿರಲೇಬೇಕು, ಇಲ್ಲದಿದ್ದರೆ ನಿನ್ನ ಕಾಗದ ಅಷ್ಟು ಖಾರವಾಗಿರುತ್ತಿರಲಿಲ್ಲ. ‘ಅಕ್ಕನಿಗೆ ಪೇಟೆ ಗಾಳಿ ಬಡಿದು ತಂಗಿ ಮರೆತುಹೋದಳೋ ಏನೋ’ ಎಂದು ಬರೆದಿದ್ದೀಯ. ಮರೆತಿಲ್ಲವೇ ತಾಯಿ. ನೀನು ಜಡೆಯಿಂದ ಕಳಿಸಿದ ಹೊಸ ಅವಲಕ್ಕಿ ಬಂತು, ಖಾಲಿಯೂ ಆಯಿತು. ಉತ್ತರ ತಡವಾದದ್ದು ನನ್ನ ತಪ್ಪಲ್ಲ, ನಿನ್ನ ಗಂಡನ ತಪ್ಪು. ನನ್ನ ಗಂಡನೂ ಹೌದು ಅನ್ನು, ಆದರೆ ತಪ್ಪು ಮಾಡಿದಾಗ ಅವರನ್ನು ನಿನಗೆ ಬಿಟ್ಟುಕೊಡುವುದು ನನ್ನ ಹಳೇ ಪದ್ಧತಿ.

ದೀಪಾವಳಿ ಮುಗಿದಾಗಿನಿಂದ ಮನೆಯಲ್ಲಿ ಒಂದೇ ಮಾತು, ಉಯಿಲು. ಎಣ್ಣೆ ವ್ಯಾಪಾರದ ಪರಮಶಿವಪ್ಪನವರು ತೀರಿಕೊಂಡದ್ದು ನಿನಗೂ ತಿಳಿದಿದೆ. ಶಿವಗಣಾರಾಧನೆಗೆ ನಾವೂ ಹೋಗಿ ಉಂಡು ಬಂದೆವು. ಮಾರನೆಯ ದಿನವೇ ಅವರ ಹಿರಿಯ ಹೆಂಡತಿಯ ಮಕ್ಕಳು ಕಿರಿಯಾಕೆ ಸುಂಕಲಮ್ಮನ ಹತ್ತಿರ ಮನೆಯ ಬೀಗದ ಕೈ ಕೇಳಿದರಂತೆ. ನೀವು ಯಾರು ಅಂತ ಯಾವ ಕಾಗದದಲ್ಲೂ ಇಲ್ಲ ಅಂದರಂತೆ. ಅಷ್ಟು ವರ್ಷ ಆ ಮನೆಯ ಒಲೆ ಹಚ್ಚಿದವಳು ಒಂದು ಟ್ರಂಕು ಇಟ್ಟುಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದನ್ನು ನಾನೇ ಕಂಡೆ. ಅವತ್ತು ನನಗೆ ಊಟ ಸೇರಲಿಲ್ಲ ತುಂಗಾ. ತಟ್ಟೆ ಮುಂದೆ ಕೂತರೆ ಸುಂಕಲಮ್ಮನ ಮುಖ ಹೋಗಿ ನಿನ್ನ ಮುಖ ಬರುತ್ತಿತ್ತು.

ನಾನು ಇಲ್ಲಿ ಅಂಗಡಿ ಮನೆಯಲ್ಲಿ, ನೀನು ಅಲ್ಲಿ ಗದ್ದೆ ಮನೆಯಲ್ಲಿ ಎಂದು ನಾವು ಜಗಳವಿಲ್ಲದೆ ಕಾಲ ಹಾಕಿದೆವು. ಕಾಗದ ಯಾರ ಹೆಸರಿಗಿದೆ ಎಂದು ಇಬ್ಬರೂ ಕೇಳಿದವರಲ್ಲ. ಆ ದಿನವೇ ಇವರಿಗೆ ಹೇಳಿದೆ, ಜಡೆಯ ಮನೆ ಗದ್ದೆ ತುಂಗಾಳ ಹೆಸರಿಗೆ ಬರೆದಿಡಿ, ಒಬ್ಬ ವಕೀಲರನ್ನು ಹಿಡಿಯಿರಿ ಎಂದು. ಮೊದಲನೆಯದಕ್ಕೆ ತಕ್ಷಣ ಒಪ್ಪಿದರು, ಎರಡನೆಯದಕ್ಕೆ ಎಗರಿಬಿದ್ದರು. ಬಜಾರಿನ ಅರ್ಧ ಕರಾರು ಪತ್ರ ತಮ್ಮ ಕೈಯಲ್ಲಿ ಬರೆದದ್ದಂತೆ. ಬಿಳಿ ಹಾಳೆ, ಇಬ್ಬರು ಸಾಕ್ಷಿ ಇದ್ದರೆ ಮುಗಿಯಿತಂತೆ. ಕರಿಕೋಟು ಬೇಕಾಗಿರುವುದು ಕಳ್ಳರಿಗಂತೆ.

ಬರೆಯಲು ಕೂತ ವೈಭವ ನೀನು ನೋಡಬೇಕಿತ್ತು. ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ, ಮದುವೆ ಮನೆಗೆ ಹೊರಟವರ ಹಾಗೆ ಇಸ್ತ್ರಿ ಪಂಚೆ ಉಟ್ಟು ಕೂತರು. ‘ಶಿಕಾರಿಪುರದ ವಾಸಿ ಗಂಗಾಧರಪ್ಪನಾದ ನಾನು’ ಎಂದು ಶುರುವಾದದ್ದು ನಾಲ್ಕು ದಿನವಾದರೂ ನಿಲ್ಲಲಿಲ್ಲ. ತಾಮ್ರದ ಹಂಡೆಗೊಬ್ಬ ವಾರಸುದಾರ, ತೂಕದ ಕಲ್ಲಿಗೊಬ್ಬ, ಗೋಡೆ ಗಡಿಯಾರಕ್ಕೊಬ್ಬ. ತಮ್ಮ ಕೊಡೆಯನ್ನು ಮಾತ್ರ ಯಾರಿಗೂ ಬರೆಯಲಿಲ್ಲ. ಯಾಕೆ ಎಂದು ಕೇಳಿದರೆ, ಬರೋ ಮಳೆಗಾಲಕ್ಕೆ ನನಗೇ ಬೇಕಾಗ್ತೈತಿ ಅಂದರು. ಉಯಿಲು ಬರೆಯುವ ಮನುಷ್ಯನ ಮಾತು ಇದು.

ಸಾಕ್ಷಿಗೆ ಕರೆದದ್ದು ಪಕ್ಕದ ಬಟ್ಟೆ ಅಂಗಡಿಯ ವೀರಬಸಪ್ಪನವರನ್ನೂ, ನಮಗೆ ಜೋಳ ತಂದು ಹಾಕುವ ತಾಳಗುಂದದ ಕೆಂಪಪ್ಪನನ್ನೂ. ಸಹಿ ಹಾಕಿ ಎಂದರೆ ಇಬ್ಬರೂ ಪಂಚಾಯ್ತಿಗೇ ಕೂತುಬಿಟ್ಟರು. ಹಂಡೆ ಸೊಸೆಗೆ ಹೋಗುವುದೇ ನ್ಯಾಯ ಅಂದ ಕೆಂಪಪ್ಪ. ಆ ಗಡಿಯಾರ ತಮ್ಮದು, ಎಂದೋ ಎರವಲು ಕೊಟ್ಟದ್ದು ಅಂದರು ವೀರಬಸಪ್ಪನವರು. ಎರಡು ಸಲ ಚಹಾ ಆಯಿತು, ಒಗ್ಗರಣೆ ಮಂಡಕ್ಕಿ ಆಯಿತು, ಸಹಿ ಮಾತ್ರ ಬೀಳಲಿಲ್ಲ. ಮಲ್ಲಿಕಾರ್ಜುನ ಅಂಗಡಿಯಿಂದ ಇಣುಕಿ ನೋಡಿ, ದೊಡ್ಡವ್ವ, ಅಪ್ಪಾಜಿ ಕಣ್ಣೆದುರಿಗೇ ಪಾಲು ಹಂಚ್ಕೊಳ್ತಿದಾರಲ್ಲ ಇವರು ಎಂದು ನಕ್ಕ. ನೀನು ಹೆತ್ತ ಮಗ, ಬಾಯಿಯೂ ನಿನ್ನದೇ.

ಆಮೇಲೆ ಹಾಳೆಯನ್ನು ನಾನು ಓದಿದೆ. ‘ನನ್ನ ಕಿರಿಯ ಧರ್ಮಪತ್ನಿ ತುಂಗಮ್ಮನವರಿಗೆ ಜಡೆಯ ಮನೆ ಹಾಗೂ ಹುಣಸೆಮರದಿಂದ ಈಚೆಗಿನ ಗದ್ದೆ.’ ಆ ಮರ ಹೋದ ವರ್ಷವೇ ಬಿದ್ದು, ನೀನು ಅದರ ಸೌದೆಯನ್ನೂ ಉರಿಸಿ ಮುಗಿಸಿದ್ದೀಯ. ಇಲ್ಲದ ಮರದಿಂದ ಈಚೆ ಎಂದರೆ ಎಲ್ಲಿಂದ ಈಚೆ ಎಂದು ಕೇಳಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇವರು ಕನ್ನಡಕ ತೆಗೆದಿಟ್ಟು, ಆಯ್ತು, ನಡಿ ನಿನ್ನ ವಕೀಲರ ಹತ್ರ ಎಂದರು.

ಕೋರ್ಟಿನ ಹಿಂದಿನ ರಸ್ತೆಯಲ್ಲಿ ಅಶ್ವಿನಿ ಎಂದು ಒಬ್ಬ ವಕೀಲೆ ಇದ್ದಾಳೆ, ನಮ್ಮ ಮಲ್ಲಿಕಾರ್ಜುನನಿಗಿಂತ ಚಿಕ್ಕವಳು. ಇವರು ಬಾಗಿಲಲ್ಲೇ ನಿಂತು, ನಿಮ್ಮ ತಂದೆಯವರು ಇಲ್ವೇನಮ್ಮ ಎಂದು ಕೇಳಿದರು. ಅವರು ಅಂಜನಾಪುರಕ್ಕೆ ಗದ್ದೆ ಕೊಯ್ಲಿಗೆ ಹೋಗಿದ್ದಾರೆ, ವಕೀಲರು ಬೇಕಿದ್ದರೆ ನಾನಿದ್ದೇನೆ ಎಂದು ಆಕೆ ಕುರ್ಚಿ ತೋರಿಸಿದಳು. ನನಗೆ ಅಲ್ಲಿಯೇ ಹಿಡಿಸಿದಳು. ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. ನಿನ್ನ ಮದುವೆ ಅರವತ್ತನೇ ಇಸವಿ ಎಂದಾಗ ಪೆನ್ನು ಕೆಳಗಿಟ್ಟಳು. ಮೊದಲ ಹೆಂಡತಿ ಇರುವಾಗ ಇನ್ನೊಂದು ಮದುವೆ ಕೂಡದು ಎಂಬ ಕಾನೂನು ಅದಕ್ಕೂ ಐದು ವರ್ಷ ಮೊದಲೇ ಬಂದಿತ್ತಂತೆ. ಪಂಚಕಳಸ ಇಟ್ಟು, ಸ್ವಾಮಿಗಳು ಬಂದು, ಊರೆಲ್ಲ ಅಕ್ಷತೆ ಹಾಕಿದ ಮದುವೆಯಲ್ಲಿ ಒಬ್ಬರಾದರೂ ಆ ಮಾತು ಎತ್ತಿದರಾ ಹೇಳು.

“ಯಜಮಾನ್ರೇ, ಕಾನೂನಿನ ಲೆಕ್ಕದಲ್ಲಿ ಅವರು ನಿಮ್ಮ ಹೆಂಡ್ತಿ ಅಲ್ಲ” ಎಂದಳು. “ಆದ್ರೆ ನೀವೇ ದುಡಿದು ಕೊಂಡ ಆಸ್ತಿನ ಯಾರಿಗ್ ಬೇಕಾದ್ರೂ ಬರೀಬಹುದು. ಹೆಂಡ್ತಿ ಅಂತ ಬರೆದ್ರೆ ನಾಳೆ ಯಾರೋ ಆ ಒಂದು ಮಾತನ್ನೇ ಹಿಡ್ಕೊಂಡು ತಕರಾರು ತೆಗೀತಾರೆ. ಬರೀ ಹೆಸರು, ತಂದೆ ಹೆಸರು, ಊರು ಹಾಕೋಣ. ಸರ್ವೆ ನಂಬರು, ನಾಲ್ಕೂ ದಿಕ್ಕಿನ ಚಕ್ಕುಬಂದಿ ಸರಿಯಾಗಿ ಬರೆಯೋಣ. ಮನೆ ಅವರಿಗೆ ಗಟ್ಟಿ ಉಳೀತದೆ.”

ಇವರ ಮುಖ ಕೆಂಪಾಯಿತು. “ಇಷ್ಟು ವರ್ಷ ನನ್ನ ಮನೆ ನಡೆಸಿದಾಕಿನ ಹೊರಗಿನವಳಂಗೆ ಬರೀಬೇಕಾ? ಆಗಂಗಿಲ್ಲ” ಎಂದವರೇ ಎದ್ದು ಹೊರಟರು. ಆ ಅಮೂಲ್ಯವಾದ ಕೊಡೆಯನ್ನೂ ಅಲ್ಲೇ ಬಿಟ್ಟರು. ಮನೆಗೆ ಬಂದು ನೋಡಿದರೆ ಕಣ್ಣು ಒದ್ದೆಯಾಗಿತ್ತು. ಅವರಿಗೆ ನಿನ್ನ ಮೇಲಿರುವುದು ಎಷ್ಟು ಎಂದು ನನಗೂ ಅವತ್ತೇ ಪೂರ್ತಿ ಗೊತ್ತಾದದ್ದು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಸ್ವಲ್ಪ ಆಯಿತು. ಆಮೇಲೆ ಚಹಾ ಮಾಡಿ ಕೊಟ್ಟೆ.

ಈಗ ನಿಂತಿರುವುದು ಇಲ್ಲಿ. ಇವರು ಬರೆದ ಕಾಗದದಲ್ಲಿ ನೀನು ಧರ್ಮಪತ್ನಿ, ಆದರೆ ಮನೆ ನಿಂತರೆ ನಿಂತಿತು, ಹೋದರೆ ಹೋಯಿತು. ವಕೀಲೆ ಬರೆಯುವ ಕಾಗದದಲ್ಲಿ ಮನೆ ನಿನ್ನದೇ, ಆದರೆ ನೀನು ಬರೀ ಜಡೆ ಗ್ರಾಮದ ದಿವಂಗತ ಗುರುಶಾಂತಪ್ಪನವರ ಮಗಳು. ನನ್ನ ಬುದ್ಧಿ ಹೇಳುವುದು ವಕೀಲೆಯ ಕಾಗದ. ಧರ್ಮಪತ್ನಿ ಎಂಬ ಮಾತನ್ನು ಮಾಡಿನ ಮೇಲೆ ಹೊದಿಸಿದರೆ ಮಳೆ ನಿಲ್ಲುವುದಿಲ್ಲ, ಅದಕ್ಕೆ ಹೆಂಚೇ ಬೇಕು. ಮಲ್ಲಿಕಾರ್ಜುನ ಚಿನ್ನದಂಥವನು, ಸೊಸೆಯೂ ಒಳ್ಳೆಯವಳು. ಅವರ ಮಕ್ಕಳ ಕಾಲಕ್ಕೆ ಯಾರು ಹೇಗೋ ಯಾರು ಕಂಡವರು. ಆದರೆ ನನ್ನ ಬುದ್ಧಿಯ ಮಾತು ಹಾಗಿರಲಿ. ನಿನ್ನ ಮನಸ್ಸು ಏನು ಹೇಳುತ್ತದೆ?

ನನ್ನ ಮಂಡಿನೋವು ಮೊದಲಿನಷ್ಟೇ ಇದೆ. ನೀನು ಹೇಳಿದ ಎಣ್ಣೆ ಹಚ್ಚಿದೆ, ನೋವು ಹೋಗಲಿಲ್ಲ, ಸೀರೆಯ ಜಿಡ್ಡೂ ಹೋಗಲಿಲ್ಲ. ಕೊಯ್ಲು ಮುಗಿಸಿ ಎರಡು ದಿನದ ಮಟ್ಟಿಗಾದರೂ ಬಸ್ಸು ಹತ್ತಿ ಬಾ. ಅವಲಕ್ಕಿ ತರುವುದಾದರೆ ಈ ಸಲ ದೊಡ್ಡ ಡಬ್ಬಿಯಲ್ಲಿ ತಾ.

ಬಸವಣ್ಣ ನಿನ್ನ ಒಲೆಯನ್ನೂ ನಿನ್ನ ನಾಲಿಗೆಯ ಖಾರವನ್ನೂ ಆರದ ಹಾಗೆ ಕಾಯಲಿ.

ನಿನ್ನ ಅಕ್ಕ
ನಿರ್ಮಲ

ತಾ.ಕ.: ಕೊಡೆ ತರಲು ನಾನೊಬ್ಬಳೇ ಮತ್ತೆ ಒಳಗೆ ಹೋಗಿದ್ದೆ. ಆ ಹುಡುಗಿ ಕೊಡೆ ಕೊಡುತ್ತಾ, “ಅಮ್ಮಾ, ಆ ಮದುವೆಗೆ ಮುಂಚೆ ನಿಮ್ಮನ್ನ ಒಂದು ಮಾತು ಕೇಳಿದ್ರಾ?” ಅಂದಳು. ಹಿರಿಯಾಕೆ ತಾನೇ ಮುಂದೆ ನಿಂತು ತಂಗಿಯನ್ನು ತಂದಳು, ಎಂಥಾ ದೊಡ್ಡ ಮನಸ್ಸು ಎಂದು ಊರು ಇವತ್ತಿಗೂ ಹೊಗಳುತ್ತದಲ್ಲ, ಅದನ್ನೇ ಹೇಳಲು ಬಾಯಿ ತೆರೆದೆ. ಈ ಸಲ ಆ ಸುಳ್ಳು ಬೇಡವೆನಿಸಿ ಕೊಡೆ ಇಸಿದುಕೊಂಡು ಬಂದೆ. ತುಂಗಾ, ನಿನ್ನನ್ನು ನಾನು ತರಲಿಲ್ಲ. ನನಗೆ ಮಕ್ಕಳಾಗಲಿಲ್ಲವೆಂದು ನಮ್ಮಪ್ಪ ಮತ್ತು ಇವರು ಜಗಲಿಯಲ್ಲಿ ಕೂತು ಮಾತು ಮುಗಿಸಿದರು. ಆಮೇಲೆ ಅಪ್ಪ ಒಳಗೆ ಬಂದು, ಕಳಸದ ತಂಬಿಗೆ ತಿಕ್ಕಿಡವ್ವ ಎಂದರು. ನನಗೆ ತಿಳಿದದ್ದು ಹಾಗೆ. ತಿಕ್ಕಿಟ್ಟೆ. ನಿನ್ನ ಮೇಲಿನ ಸಿಟ್ಟು ನೀನು ಮಲ್ಲಿಕಾರ್ಜುನನನ್ನು ಹೆತ್ತು ಮೊದಲು ನನ್ನ ಮಡಿಲಿಗೆ ಹಾಕಿದ ದಿನವೇ ಹೋಯಿತು, ನನ್ನನ್ನು ಯಾರೂ ಕೇಳಲಿಲ್ಲವೆಂಬ ನೋವು ಮಾತ್ರ ಇಷ್ಟು ವರ್ಷವೂ ಒಳಗೇ ಇತ್ತು. ನಿನಗಾಗ ಹದಿನೆಂಟು. ಅಕ್ಕನ ಮನೆಗೆ ಹಬ್ಬಕ್ಕೆ ಹೊರಟವಳ ಹಾಗೆ ನಗುನಗುತ್ತಾ ಗಾಡಿ ಇಳಿದೆ. ನಿನ್ನನ್ನೂ ಯಾರೂ ಕೇಳಿರಲಿಲ್ಲ, ಅಲ್ಲವೇ? ಅದಕ್ಕೇ ಇವರಿಗೆ ಹೇಳಿಬಿಟ್ಟಿದ್ದೇನೆ, ತುಂಗಾ ತನ್ನ ಬಾಯಲ್ಲಿ ಹೇಳುವವರೆಗೆ ಯಾವ ಕಾಗದಕ್ಕೂ ಸಹಿ ಬೀಳಕೂಡದು ಎಂದು. ಯಾವುದು ಬೇಕು ನಿನಗೆ? ನಾನು ಕೇಳುತ್ತಿದ್ದೇನೆ.